ಸಂಬಳ ಬರುತ್ತೆ, ಓಟಿಪಿ ಬರಲ್ಲ: ಮಗ ಗಡಿಗೆ ಹೊರಡೋ ಮುಂಚೆ ಮನೇಲಿ ಮುಗಿಸಬೇಕಾದ ಲೆಕ್ಕ

ರಾಜೀವನಗರ (ಮೈಸೂರು): ಅಲ್ ಬದರ್ ಸರ್ಕಲ್ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ನನ್ನ ಗೆಳೆಯನ ಮನೆ. ಡಿಗ್ರಿ ಎರಡನೇ ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಸೇನಾ ಭರ್ತಿ ರ‍್ಯಾಲಿಗೆ ಹೋಗಿದ್ವಿ. 1.6 ಕಿಲೋಮೀಟರ್ ಓಟದಲ್ಲಿ ಅವನು ಪಾಸ್, ನಾನು ಔಟ್. ಅವನು ಅಗ್ನಿವೀರ ಆದ. ನಾನು ಕಾಲೇಜನ್ನೂ ಬಿಟ್ಟು ಈಗ ನಿಮಗೆ ಸುದ್ದಿ ಬರೀತಿದ್ದೀನಿ.

ಎರಡನೇ ವರ್ಷದಲ್ಲಿ ಅವನನ್ನ ಲಡಾಖ್ ಕಡೆ ಕಳಿಸಿದರು. ಹೋದ ಮೇಲೆ ಏಳು ವಾರ ಅವನ ಫೋನ್ ಬರೀ ಸ್ವಿಚ್ ಆಫ್. ಅವರ ಅಪ್ಪ ಆಟೋ ಓಡಿಸ್ತಾರೆ. ಆಟೋ ಸಾಲದ ಕಂತು ಪ್ರತಿ ತಿಂಗಳು 5ನೇ ತಾರೀಕು ಅಪ್ಪನ ಖಾತೆಯಿಂದ ಕಟ್ ಆಗುತ್ತೆ. ಮಗ 2 ಅಥವಾ 3ನೇ ತಾರೀಕು ಫೋನ್‌ಪೇ ಮಾಡ್ತಿದ್ದ, ಅದರಿಂದ ಕಂತು ಹೋಗ್ತಿತ್ತು. ಫೋನ್ ನಿಂತ ಮೇಲೆ ಎರಡು ಕಂತು ಬೌನ್ಸ್. ಎರಡಕ್ಕೂ ದಂಡ, ಅದರ ಮೇಲೆ ಜಿಎಸ್‌ಟಿ. ಬೀದಿ ಮೂಲೆಯ ದಿನಸಿ ಅಂಗಡಿಯ ಪುಸ್ತಕದಲ್ಲಿ ಅವರ ಮನೆ ಪುಟ ತುಂಬಿ ಹಿಂದಿನ ಪುಟಕ್ಕೂ ಹೋಯ್ತು.

ಆ ಎರಡು ತಿಂಗಳೂ ಅವನ ಸಂಬಳ ಒಂದು ದಿನ ಕೂಡ ತಡ ಆಗಿರಲಿಲ್ಲ. ತಿಂಗಳಿಗೆ 23,100ರ ಹಾಗೆ 46,200 ರೂಪಾಯಿ ಅವನ ಖಾತೆಯಲ್ಲಿ ಕೂತಿತ್ತು. ಅವನ ಅಮ್ಮಿ ಜೊತೆ ನಾನೂ ಬ್ಯಾಂಕಿಗೆ ಹೋದೆ. "ನನ್ನ ಮಗನ ದುಡ್ಡು ತಾನೆ, ನನಗ್ಯಾಕೆ ಕೊಡಲ್ಲ?" ಅಂತ ಅಮ್ಮಿ ಕೇಳಿದರು. ಬ್ಯಾಂಕಿನವರು ಕೊಡೋ ಹಾಗಿಲ್ಲ ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಖಾತೆ ಅವನೊಬ್ಬನ ಹೆಸರಲ್ಲಿದೆ, ಸಹಿ ಅವನದು, ಓಟಿಪಿ ಹೋಗೋದು ಅವನ ನಂಬರಿಗೆ.

ಮಗನೋ ಗಂಡನೋ ಗಡಿಗೆ ಹೊರಟರೆ ನಮ್ಮ ಜನ ದುಡ್ಡಿಲ್ಲದೆ ಕಷ್ಟಪಡೋದು ಕಡಿಮೆ. ಇರೋ ದುಡ್ಡನ್ನ ಮುಟ್ಟೋಕಾಗದೆ ಒದ್ದಾಡೋದೇ ಜಾಸ್ತಿ. ನಮ್ಮ ಏರಿಯಾದ ಇನ್ನೊಂದು ಮನೆಗೆ ಇದು ಆಗಬಾರದು ಅಂತ ಈ ಲೇಖನ.

ಸಿಮ್ ವಿಷಯ ಮೊದಲು

ಜಮ್ಮು-ಕಾಶ್ಮೀರ ಮತ್ತು ಲಡಾಖ್‌ನಲ್ಲಿ ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡಲ್ಲ. ಇದು ಭದ್ರತೆಯ ಕಾರಣಕ್ಕೆ ಮಾಡಿರೋ ನಿಯಮ, ಎಷ್ಟು ರೀಚಾರ್ಜ್ ಹಾಕಿದರೂ ಪ್ರಯೋಜನ ಇಲ್ಲ. ಪೋಸ್ಟ್‌ಪೇಯ್ಡ್ ಆದರೆ ನಡೆಯುತ್ತೆ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನರದ್ದು ಪ್ರೀಪೇಯ್ಡ್ ಸಿಮ್ ಅನ್ನೋದು ರೀಚಾರ್ಜ್ ಅಂಗಡಿಯವರನ್ನ ಕೇಳಿದರೇ ಗೊತ್ತಾಗುತ್ತೆ. ಹುಡುಗ ಜಮ್ಮುವಿನಲ್ಲಿ ರೈಲು ಇಳಿದ ಕೂಡಲೇ ಫೋನ್ ಸುಮ್ಮನಾಗುತ್ತೆ. ಬ್ಯಾಂಕಿನ ಓಟಿಪಿಯೂ ಇಲ್ಲ, ಯುಪಿಐಯೂ ಇಲ್ಲ.

ರಜೆಯಲ್ಲಿ ಬಂದಾಗ ಅದೇ ನಂಬರನ್ನ ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿಕೊಂಡು ಹೋದರೆ ಸಾಕು, ನಂಬರ್ ಬದಲಾಗಲ್ಲ. ಆದರೆ ಬಿಲ್ ಕಟ್ಟೋದು ಮರೆತರೆ ಅದೂ ನಿಲ್ಲುತ್ತೆ, ಹಾಗಾಗಿ ಬಿಲ್‌ಗೂ ಆಟೋಪೇ ಹಾಕಿಸಿ. ಎತ್ತರದ ಪೋಸ್ಟ್‌ಗಳಲ್ಲಿ ಟವರ್ರೇ ಇರಲ್ಲ, ಅಲ್ಲಿ ಪೋಸ್ಟ್‌ಪೇಯ್ಡ್ ಇದ್ದೂ ಇಲ್ಲದ ಹಾಗೆ. ಹಳೇ ಪ್ರೀಪೇಯ್ಡ್ ನಂಬರನ್ನ ಮೂರು ತಿಂಗಳು ಬಳಸದೆ ಬಿಟ್ಟರೆ ಕಂಪನಿಯವರು ಅದನ್ನ ಬಂದ್ ಮಾಡಿ ಆಮೇಲೆ ಬೇರೆಯವರಿಗೆ ಕೊಡಬಹುದು. ಬ್ಯಾಂಕಿಗೆ ಜೋಡಿಸಿರೋ ನಂಬರ್ ಹಾಗೆ ಕೈತಪ್ಪಿದರೆ ಏನಾಗುತ್ತೆ ಅಂತ ಯೋಚಿಸಿ.

"ಸಿಮ್ಮನ್ನ ಅಮ್ಮನ ಹತ್ತಿರ ಬಿಟ್ಟು ಹೋಗ್ತೀನಿ, ಎಟಿಎಂ ಪಿನ್ನೂ ಹೇಳಿಬಿಡ್ತೀನಿ" ಅನ್ನೋರು ತುಂಬಾ ಜನ. ಸುಲಭ ಅನ್ನಿಸುತ್ತೆ ನಿಜ. ಆದರೆ ಆ ಫೋನಿಗೆ ಒಂದು ಮೋಸದ ಕರೆ ಬಂದು ಅಮ್ಮ ಓಟಿಪಿ ಹೇಳಿಬಿಟ್ಟರೆ ಇಡೀ ಸಂಬಳ ಖಾಲಿ. ಪಿನ್ ಬೇರೆಯವರಿಗೆ ಕೊಟ್ಟಿದ್ದು ನಿಮ್ಮದೇ ತಪ್ಪು ಅಂತ ಬ್ಯಾಂಕ್ ಕೈ ತೊಳ್ಕೊಳ್ಳುತ್ತೆ.

ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಒಳ್ಳೆ ದಾರಿ. ಹೆಸರು ಉದ್ದ, ಕೆಲಸ ಸಣ್ಣದು. ಪ್ರತಿ ತಿಂಗಳು ಇಂಥ ತಾರೀಕು ನನ್ನ ಖಾತೆಯಿಂದ ಇಷ್ಟು ದುಡ್ಡು ಅಮ್ಮನ ಖಾತೆಗೆ ಹೋಗಲಿ ಅಂತ ಬ್ಯಾಂಕಿಗೆ ಒಂದು ಸಲ ಬರೆದು ಕೊಡೋದು, ಅಷ್ಟೇ. ಆಮೇಲೆ ಫೋನ್ ಬೇಕಿಲ್ಲ, ಓಟಿಪಿ ಬೇಕಿಲ್ಲ. ಸೇನೆಯ ಸಂಬಳ ತಿಂಗಳ ಕೊನೆಗೆ ಬೀಳುತ್ತೆ, ಹಾಗಾಗಿ 2ನೇ ತಾರೀಕು ಇಟ್ಟರೆ 5ರ ಕಂತಿಗೆ ಸರಿಹೋಗುತ್ತೆ. ಮನೆ ಖರ್ಚಿಗೆ ಅಂತ ಇನ್ನೊಂದು ಜಂಟಿ ಖಾತೆ ತೆರೆದು, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು, ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ನಡೆಸಬಹುದು ಅನ್ನೋ ಷರತ್ತು ಹಾಕಿಸಿದರೆ ಇನ್ನೂ ಒಳ್ಳೇದು. ಬ್ಯಾಂಕಿನವರು ಇದಕ್ಕೆ 'ಐದರ್ ಆರ್ ಸರ್ವೈವರ್' ಅಂತಾರೆ. ಫಾರಂನಲ್ಲಿ ಆ ಚೌಕಕ್ಕೆ ಟಿಕ್ ಬಿದ್ದಿದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಬೇರೆ ಚೌಕಕ್ಕೆ ಟಿಕ್ ಬಿದ್ದರೆ ಜಂಟಿ ಖಾತೆ ಅಂತ ಹೆಸರಿಗೆ ಇರುತ್ತೆ, ದುಡ್ಡು ತೆಗೆಯೋಕೆ ಇಬ್ಬರ ಸಹಿಯೂ ಬೇಕಾಗುತ್ತೆ.

ಓಟಿಪಿ ಬ್ಯಾಂಕಿಗೆ ಮಾತ್ರ ಅಂದುಕೊಳ್ಳಬೇಡಿ. ಗ್ಯಾಸ್ ಸಿಲಿಂಡರ್ ತರೋ ಹುಡುಗ ಬಾಗಿಲಲ್ಲಿ ನಿಂತು ಕೋಡ್ ಕೇಳ್ತಾನೆ, ಅದು ಹೋಗೋದು ಕನೆಕ್ಷನ್‌ಗೆ ಕೊಟ್ಟಿರೋ ನಂಬರಿಗೆ. ಗೆಳೆಯನ ಮನೆಯಲ್ಲಿ ಕನೆಕ್ಷನ್ ಅವನ ಹೆಸರಲ್ಲೇ ಇತ್ತು. ಕರೆಂಟ್ ಬಿಲ್ ಗೃಹಜ್ಯೋತಿಯಿಂದ ಸೊನ್ನೆ ಬರ್ತಿತ್ತು, ಅದೊಂದು ಬಚಾವ್. ಹೊರಡೋ ಮುಂಚೆ ಗ್ಯಾಸ್, ವಾಣಿವಿಲಾಸ ನೀರಿನ ಬಿಲ್, ಆಸ್ತಿ ತೆರಿಗೆ, ತಂಗಿಯ ಕಾಲೇಜ್ ಪೋರ್ಟಲ್ ಎಲ್ಲ ಯಾರ ನಂಬರಲ್ಲಿದೆ ಅಂತ ಒಂದು ಸಂಜೆ ಕೂತು ನೋಡಿ. ಆಸ್ತಿ ತೆರಿಗೆಯನ್ನ ಏಪ್ರಿಲ್‌ನಲ್ಲೇ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ ಉಂಟು. ಮಗ ಬಂದ ಮೇಲೆ ನೋಡಿದರಾಯ್ತು ಅಂತ ಅದನ್ನ ಕಳ್ಕೊಳ್ಳಬೇಡಿ.

ಹೆಸರು ಒಂದೇ ಥರ ಇದೆಯಾ?

ನಮ್ಮ ಏರಿಯಾದಲ್ಲಿ ಇದು ದೊಡ್ಡ ತಲೆನೋವು. ಆಧಾರ್‌ನಲ್ಲಿ ನೂರ್‌ಜಾನ್, ಪಾಸ್‌ಬುಕ್‌ನಲ್ಲಿ ನೂರ್ ಜಹಾನ್ ಬಿ, ಮಗನ ಮಾರ್ಕ್ಸ್‌ಕಾರ್ಡ್‌ನಲ್ಲಿ ನೂರ್ ಜಹಾನ್ ಬೇಗಂ. ಮೂರೂ ಒಬ್ಬರೇ ಅಂತ ಬೀದಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪಕ್ಕದ ಹಿಂದೂ ಮನೆಗಳಲ್ಲಿ ಇನಿಷಿಯಲ್ ಮುಂದೆಯೋ ಹಿಂದೆಯೋ ಅನ್ನೋ ಗೊಂದಲ.

ಸೇನೆಗೆ ಸೇರುವಾಗ ಮನೆಯವರ ವಿವರ ಬರೆಸಿಕೊಂಡು ಒಂದು ದಾಖಲೆ ಮಾಡ್ತಾರೆ. ಅದರಲ್ಲಿ ಇರೋ ಹೆಸರೇ ಮುಂದೆ ಎಲ್ಲದಕ್ಕೂ ಆಧಾರ. ಹಾಗಾಗಿ ಆಧಾರ್ ತಿದ್ದಿಸೋಕೆ ಓಡೋ ಮುಂಚೆ ಸೇನೆಯ ದಾಖಲೆಯಲ್ಲಿ ಯಾವ ಸ್ಪೆಲ್ಲಿಂಗ್ ಇದೆ ಅಂತ ಮಗನನ್ನ ಕೇಳಿ. ಆಧಾರ್‌ನಲ್ಲಿ ಹೆಸರು ಬದಲಾಯಿಸೋಕೆ ಜೀವನದಲ್ಲಿ ಎರಡೇ ಸಲ ಅವಕಾಶ, ಅಂದಾಜಿನ ಮೇಲೆ ಅದನ್ನ ಖರ್ಚು ಮಾಡಬೇಡಿ.

ರೆಗ್ಯುಲರ್ ಸೈನಿಕರಿಗೆ ಇನ್ನೊಂದು ಮಾತು. ಮದುವೆ ಆದರೆ, ಮಗು ಹುಟ್ಟಿದರೆ ಯೂನಿಟ್‌ನಲ್ಲಿ 'ಪಾರ್ಟ್ ಟೂ ಆರ್ಡರ್' ಹೊರಡಿಸಬೇಕು. ಅದು ಆಗದೆ ಸೇನೆಯ ಲೆಕ್ಕದಲ್ಲಿ ಹೆಂಡತಿ, ಮಗು ಸೇರಿದ ಹಾಗೆ ಆಗಲ್ಲ. ನಿಖಾನಾಮಾ ಇದ್ದರೂ, ಸಬ್ ರಿಜಿಸ್ಟ್ರಾರ್ ಸರ್ಟಿಫಿಕೇಟ್ ಇದ್ದರೂ ಅದನ್ನ ಯೂನಿಟ್‌ಗೆ ಕೊಟ್ಟು ಆರ್ಡರ್ ಮಾಡಿಸಲೇಬೇಕು. ಮುಂದೆ ಫ್ಯಾಮಿಲಿ ಪಿಂಚಣಿ ಪ್ರಶ್ನೆ ಬಂದರೆ ಮೊದಲು ನೋಡೋದು ಅದನ್ನೇ.

ನಾಮಿನಿ ಅಂದರೆ ಮಾಲೀಕ ಅಲ್ಲ

ಬಹಳ ಜನಕ್ಕೆ ಇದು ಗೊತ್ತಿಲ್ಲ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಈಸ್ಕೊಳ್ಳೋ ಕೈ. ಆ ದುಡ್ಡು ಯಾರದ್ದು ಅಂತ ಹೇಳೋದು ವಾರಸುದಾರಿಕೆ ಕಾನೂನು. ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ತಾಯಿ, ಹೆಂಡತಿ, ಮಕ್ಕಳು ಮೊದಲ ಸಾಲಿನ ವಾರಸುದಾರರು. ತಂದೆ ಆ ಸಾಲಲ್ಲಿ ಇಲ್ಲ, ಎಷ್ಟೋ ಅಪ್ಪಂದಿರಿಗೆ ಇದು ಕೇಳಿ ಬೇಜಾರಾಗುತ್ತೆ. ಮುಸ್ಲಿಮರಲ್ಲಿ ಶರೀಯತ್ ಪ್ರಕಾರ ಪಾಲು, ವಸೀಯತ್ ಬರೆದರೂ ಉಳಿದ ವಾರಸುದಾರರು ಒಪ್ಪದಿದ್ದರೆ ಆಸ್ತಿಯ ಮೂರನೇ ಒಂದು ಭಾಗಕ್ಕಷ್ಟೇ ಅದು ನಡೆಯೋದು. ಜೀವವಿಮೆಯಲ್ಲಿ ಮಾತ್ರ ಸ್ವಲ್ಪ ಬೇರೆ: ತಂದೆ-ತಾಯಿ, ಹೆಂಡತಿ ಅಥವಾ ಮಕ್ಕಳನ್ನ ನಾಮಿನಿ ಮಾಡಿದ್ದರೆ 2015ರ ತಿದ್ದುಪಡಿ ಆದಮೇಲೆ ಆ ದುಡ್ಡು ಅವರಿಗೇ ಸೇರುತ್ತೆ.

2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಯಾರಿಗೆ ನೂರಕ್ಕೆ ಎಷ್ಟು ಅಂತಲೂ ಬರೆಯಬಹುದು. ಮದುವೆಗೆ ಮುಂಚೆ ಅಮ್ಮನ ಹೆಸರು ಹಾಕಿದ್ದು, ಮದುವೆ ಆದಮೇಲೆ ಬದಲಾಯಿಸೋಕೆ ಮರೆತಿದ್ದು, ಆಮೇಲೆ ಅತ್ತೆ ಒಂದು ಕಡೆ ಸೊಸೆ ಒಂದು ಕಡೆ ವಕೀಲರ ಆಫೀಸಿನ ಮೆಟ್ಟಿಲು ಹತ್ತಿದ್ದು, ಇಂಥ ಕಥೆ ಕೋರ್ಟ್ ಮುಂದೆ ನಿಂತರೆ ಬೇಕಾದಷ್ಟು ಸಿಗುತ್ತೆ. ಬದುಕಿರೋ ಮಗನೇ ಅಮ್ಮನಿಗೆ ಇಷ್ಟು, ಹೆಂಡತಿಗೆ ಇಷ್ಟು ಅಂತ ಬರೆದಿಟ್ಟರೆ ಇಬ್ಬರ ಮರ್ಯಾದೆಯೂ ಉಳಿಯುತ್ತೆ. ಕೇಳೋಕೆ ಮುಜುಗರ ಅಂತ ನಮ್ಮ ಮನೆಗಳಲ್ಲಿ ಯಾರೂ ಕೇಳಲ್ಲ. ಅಪಶಕುನ ಅಂತಾರೆ.

2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಪಾತವಾಗಿ ಮದ್ರಾಸ್ ರೆಜಿಮೆಂಟಿನ 10 ಯೋಧರು ಸಿಕ್ಕಿಕೊಂಡಿದ್ದು ನೆನಪಿರಬಹುದು. ಆರು ದಿನ ಆದಮೇಲೆ ಜೀವಂತವಾಗಿ ಸಿಕ್ಕಿ, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯವರು. ಆ ಹತ್ತು ಜನರಲ್ಲಿ ಹಾಸನದ ನಾಗೇಶ್ ಇದ್ದರು, ನಮ್ಮದೇ ಜಿಲ್ಲೆ ಎಚ್.ಡಿ. ಕೋಟೆಯ ಮಹೇಶ್ ಕೂಡ ಇದ್ದರು. ಗಡಿ ಅನ್ನೋದು ಮೈಸೂರಿಗೆ ದೂರ ಅಲ್ಲ ಅಂತ ಹೇಳೋಕೆ ಇದನ್ನ ಬರೆದೆ.

ಅಗ್ನಿವೀರರ ಲೆಕ್ಕ ಬೇರೆ

2022ರಲ್ಲಿ ಅಗ್ನಿಪಥ್ ಬಂದಮೇಲೆ ಸೇರಿದ ಹುಡುಗರ ಮನೆಯವರು ಇದನ್ನ ಚೆನ್ನಾಗಿ ತಿಳ್ಕೊಬೇಕು. ಮೊದಲ ವರ್ಷ ತಿಂಗಳಿಗೆ 30,000, ಎರಡನೇ ವರ್ಷ 33,000, ಆಮೇಲೆ 36,500, ನಾಲ್ಕನೇ ವರ್ಷ 40,000. ಅದರಲ್ಲಿ ನೂರಕ್ಕೆ 30 ಹಿಡಿದು ಸೇವಾ ನಿಧಿಗೆ ಹಾಕ್ತಾರೆ. ಕೈಗೆ ಬರೋದು 21,000, 23,100, 25,550 ಮತ್ತು 28,000. ಅವನು ಹಾಕಿದಷ್ಟೇ ಸರ್ಕಾರವೂ ಹಾಕುತ್ತೆ. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ.

ಈ 11.71 ಲಕ್ಷವನ್ನ ಈಗಲೇ ಜೇಬಲ್ಲಿರೋ ಹಾಗೆ ಲೆಕ್ಕ ಹಾಕಿ ಮಗಳ ಮದುವೆಗೆ ಛತ್ರ ಬುಕ್ ಮಾಡಿದವರನ್ನ ನಾನು ನೋಡಿದ್ದೀನಿ. ದಯವಿಟ್ಟು ಹಾಗೆ ಮಾಡಬೇಡಿ. ಮಧ್ಯದಲ್ಲಿ ತಾನಾಗಿ ಬಿಟ್ಟು ಬಂದರೆ ಅವನು ಹಾಕಿದ ದುಡ್ಡು, ಅದರ ಬಡ್ಡಿ ಅಷ್ಟೇ. ಸರ್ಕಾರದ ಪಾಲು ಸಿಗಲ್ಲ. ಇನ್ನೊಂದು ವಿಚಿತ್ರ ಕೇಳಿ: ನೂರಕ್ಕೆ 25 ಜನರನ್ನ ಕಾಯಂ ಮಾಡ್ಕೊಳ್ತಾರಲ್ಲ, ಅವರಿಗೂ ತಮ್ಮ ಪಾಲು ಮಾತ್ರ. ಕಾಯಂ ಆದರೆ ಕೆಲಸ ಉಳಿಯುತ್ತೆ, ಗಂಟು ಅರ್ಧ ಆಗುತ್ತೆ. ಛತ್ರದವರಿಗೆ ಅಡ್ವಾನ್ಸ್ ಕೊಟ್ಟ ಅಪ್ಪ ಮಗ ಕಾಯಂ ಆದ ಅಂತ ಖುಷಿ ಪಡಬೇಕೋ ಅಳಬೇಕೋ?

ಅಗ್ನಿವೀರನಿಗೆ 48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಅವನ ಸಂಬಳದಿಂದ ಕಂತು ಹಿಡಿಯಲ್ಲ. ಕರ್ತವ್ಯದ ಕಾರಣಕ್ಕೆ ಪ್ರಾಣ ಹೋದರೆ ಅದರ ಮೇಲೆ 44 ಲಕ್ಷ ಪರಿಹಾರ. ಸೇರುವಾಗ ಮದುವೆ ಆಗಿರಬಾರದು ಅನ್ನೋದರಿಂದ ಸಾಮಾನ್ಯವಾಗಿ ನಾಮಿನಿ ಅಮ್ಮ ಅಥವಾ ಅಪ್ಪ. ಇಬ್ಬರಲ್ಲಿ ಯಾರ ಹೆಸರು ಬರೆಸಿದ್ದಾನೆ ಅಂತ ಕೇಳಿ ತಿಳಿದುಕೊಳ್ಳಿ.

ಇಲ್ಲಿ ನನಗೆ ಹೊಳೆದ ಒಂದು ವಿಷಯ. ಗಡಿಯಲ್ಲಿರೋ ಮಗನಿಗೆ 48 ಲಕ್ಷ ವಿಮೆ, ಮೈಸೂರು ರಸ್ತೆಯಲ್ಲಿ ದಿನಾ ಹತ್ತು ಗಂಟೆ ಆಟೋ ಓಡಿಸೋ ಅಪ್ಪನಿಗೆ ಏನಿದೆ? ಗೆಳೆಯನ ಮನೆಯಲ್ಲಿ ಏನೂ ಇರಲಿಲ್ಲ. ಅಪ್ಪನಿಗೆ ಏನಾದರೂ ಆದರೆ ಲಡಾಖ್‌ನಿಂದ ಮಗ ಬರೋಕೆ ದಿನಗಳು ಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ ಇದೆ, ಎರಡಕ್ಕೂ 2 ಲಕ್ಷದ ರಕ್ಷಣೆ. ಜೀವನ್ ಜ್ಯೋತಿಗೆ 50 ವರ್ಷದ ಒಳಗೆ ಸೇರಬೇಕು, ಅಪಘಾತದ ಸುರಕ್ಷಾ ಬಿಮಾ 70ರ ತನಕ ಸಿಗುತ್ತೆ. ಎರಡೂ ಸೇರಿ 456 ರೂಪಾಯಿ. ಮನೇಲಿ ಉಳಿಯೋರಿಗೆ ಮೊದಲು ಇದನ್ನ ಮಾಡಿಸಿ.

ಎತ್ತರಕ್ಕೆ ಹೋದಾಗ ಬರೋ ದುಡ್ಡು

ರೆಗ್ಯುಲರ್ ಜವಾನರಿಗೆ ಸಿಯಾಚಿನ್‌ನಲ್ಲಿದ್ದರೆ ಪ್ರತಿ ತಿಂಗಳು ವಿಶೇಷ ಭತ್ಯೆ ಬರುತ್ತೆ. ಒಮ್ಮೆಲೇ ಖಾತೆ ತುಂಬಿದ ಹಾಗೆ ಕಾಣುತ್ತೆ, ಮನೇಲಿ ಬುಲೆಟ್ ಬೈಕಿನ ಮಾತು ಶುರುವಾಗುತ್ತೆ. ಕೆಳಗೆ ಇಳಿದ ತಿಂಗಳು ಭತ್ಯೆ ನಿಲ್ಲುತ್ತೆ, ಬೈಕಿನ ಕಂತು ನಿಲ್ಲಲ್ಲ. ಆ ದುಡ್ಡಲ್ಲಿ ಹಳೇ ಸಾಲ ತೀರಿಸಿ, ಅಡವಿಟ್ಟ ಚಿನ್ನ ಬಿಡಿಸಿ. ಹೊಸ ಕಂತು ಮಾತ್ರ ಬೇಡ.

ಬೀದಿಯ ಚೀಟಿ, ಸಂಘದ ಸಾಲ, ಕೈಸಾಲ ಇವು ಯಾವ ಬ್ಯಾಂಕ್ ಸ್ಟೇಟ್‌ಮೆಂಟಲ್ಲೂ ಕಾಣಲ್ಲ. ಹೋಗೋ ಹುಡುಗ ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದು ಸಹಿ ಹಾಕಿ ಅಮ್ಮನ ಕೈಗೆ ಕೊಡಲಿ. ಇಲ್ಲದಿದ್ದರೆ ಮಗ ಊರಲ್ಲಿಲ್ಲ ಅಂತ ಗೊತ್ತಾದ ಕೂಡಲೇ "ನನಗೆ ಇಪ್ಪತ್ತು ಸಾವಿರ ಕೊಡಬೇಕಿತ್ತು" ಅಂತ ಬರೋರು ಇರ್ತಾರೆ. ಸಣ್ಣ ಸಾಲ ವಸೂಲಿಗೆ ಮನೆ ಮುಂದೆ ಬಂದು ಗಲಾಟೆ ಮಾಡಿದರೆ ಸುಮ್ಮನೆ ಹೆದರಬೇಡಿ. ಅಂಥ ಕಿರುಕುಳದ ವಿರುದ್ಧ 2025ರ ಫೆಬ್ರುವರಿಯಲ್ಲೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿದೆ, ಪೊಲೀಸ್ ಠಾಣೆಗೆ ಹೋಗಬಹುದು.

ಸೈಟಿನ ತಕರಾರು ಇದ್ದವರಿಗೆ ಎರಡು ಮಾತು. ಮಗನ ಪರವಾಗಿ ಸಹಿ ಹಾಕೋಕೆ ಪವರ್ ಆಫ್ ಅಟಾರ್ನಿ ಬರೆಸುವಾಗ ಎಲ್ಲ ಅಧಿಕಾರ ಕೊಡೋದರ ಬದಲು ಒಂದು ಕೆಲಸಕ್ಕೆ ಒಂದು ಅಂತ ಬರೆಸಿ. ಬರೆದುಕೊಟ್ಟವನು ತೀರಿಕೊಂಡರೆ ಆ ಪತ್ರ ಅಲ್ಲಿಗೇ ಮುಗಿಯುತ್ತೆ ಅನ್ನೋದೂ ಗೊತ್ತಿರಲಿ. ಎರಡನೇದು, 1925ರ ಸೈನಿಕರ ವ್ಯಾಜ್ಯ ಕಾಯ್ದೆ ಅಂತ ಒಂದಿದೆ. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಕರ್ತವ್ಯದಲ್ಲಿರೋ ಸೈನಿಕ ಸಿವಿಲ್ ಕೇಸಿಗೆ ಬರೋಕಾಗದಿದ್ದರೆ ಸೇನೆಯ ಅಧಿಕಾರಿಯಿಂದ ಪ್ರಮಾಣಪತ್ರ ತಂದು ಕೇಸ್ ಮುಂದಕ್ಕೆ ಹಾಕಿಸಬಹುದು. ವಕೀಲರಿಗೆ ಇದನ್ನ ನೆನಪಿಸಿ.

ಅಂಗಡಿಯವರಿಗೆ

ಸೈನಿಕರ ಮನೆಗೆ ಉದ್ರಿ ಕೊಡೋರು ಒಳ್ಳೆ ಕೆಲಸ ಮಾಡ್ತಿದ್ದೀರಿ. ಗೆಳೆಯನ ಮನೆಗೆ ಅಕ್ಕಿ, ಎಣ್ಣೆ ನಿಲ್ಲಿಸದೆ ಕೊಟ್ಟ ಅಂಗಡಿಯವರು "ಹುಡುಗ ನಮ್ಮ ಕಣ್ಣ ಮುಂದೆ ಬೆಳೆದವನು ಭಾಯ್, ಎಲ್ಲಿಗೆ ಹೋಗುತ್ತೆ ದುಡ್ಡು" ಅಂದಿದ್ದನ್ನ ನಾನು ಮರೆಯಲ್ಲ. ಆದರೂ ವಾರಕ್ಕೊಮ್ಮೆ ಮನೆಯವರ ಸಹಿ ಹಾಕಿಸಿಕೊಳ್ಳಿ, ತಿಂಗಳ ಮಿತಿ ಇಷ್ಟು ಅಂತ ಮೊದಲೇ ಮಾತಾಡಿ. ಇಬ್ಬರಿಗೂ ಒಳ್ಳೇದು.

ಸೇನೆಯ ಹೆಸರಲ್ಲಿ ಬರೋ ಫೋನ್ ಮಾತ್ರ ನಂಬಬೇಡಿ. "ನಾನು ಮಿಲಿಟರಿಯವನು, ಕ್ಯಾಂಪ್‌ಗೆ 40 ಪ್ಲೇಟ್ ಬಿರಿಯಾನಿ ಬೇಕು, ಅಡ್ವಾನ್ಸ್ ಕಳಿಸ್ತೀನಿ" ಅಂತಾನೆ, ವಾಟ್ಸಾಪ್‌ಗೆ ಸೇನೆಯ ಐಡಿ ಕಾರ್ಡ್ ಫೋಟೋ ಹಾಕ್ತಾನೆ, ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತಾನೆ. ದುಡ್ಡು ಈಸ್ಕೊಳ್ಳೋಕೆ ಯಾವತ್ತೂ ಪಿನ್ ಬೇಡ. ಪಿನ್ ಹಾಕಿದರೆ ದುಡ್ಡು ನಿಮ್ಮದೇ ಹೋಗೋದು. ಹೋದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ.

ಸೌದಿ, ದುಬೈಗೆ ಹೋಗೋ ಹುಡುಗರು ನಮ್ಮಲ್ಲಿ ಸೈನಿಕರಿಗಿಂತ ಜಾಸ್ತಿ. ಮೇಲೆ ಹೇಳಿದ ಸಿಮ್, ನಾಮಿನಿ, ನೋಟ್‌ಬುಕ್ ಎಲ್ಲ ಅವರಿಗೂ ಅನ್ವಯ. ಅವರು ಇಲ್ಲಿನ ಉಳಿತಾಯ ಖಾತೆಯನ್ನ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು, ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.

ಯಾವಾಗ ಮಾಡಬೇಕು ಅಂದರೆ, ರಜೆಯ ಮೊದಲ ವಾರದಲ್ಲೇ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಶುರುವಾದಾಗ ರಜೆಯಲ್ಲಿದ್ದ ಸೈನಿಕರಿಗೆ ವಾಪಸ್ ಬನ್ನಿ ಅಂತ ಕರೆ ಬಂತು. ಬ್ಯಾಗ್ ತುಂಬೋಕೆ ಟೈಮ್ ಇರಲಿಲ್ಲ, ಬ್ಯಾಂಕಿಗೆ ಎಲ್ಲಿಂದ ಹೋಗೋದು? ಕಾಗದದಲ್ಲಿ ಗೊಂದಲ ಇದ್ದರೆ ಮೈಸೂರಿನಲ್ಲೇ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ, ಕೇಳೋಕೆ ದುಡ್ಡು ಬೇಡ. ಮಗನ ಆರ್ಮಿ ನಂಬರ್, ಯೂನಿಟ್ ಹೆಸರು, ರೆಕಾರ್ಡ್ ಆಫೀಸ್ ಎಲ್ಲಿದೆ ಅನ್ನೋದನ್ನ ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಂಡು ಹೋಗಿ. ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್ ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ಊಟಿ ಹತ್ತಿರದ ವೆಲ್ಲಿಂಗ್ಟನ್. ಆ ಚೀಟಿಯನ್ನ ವಾಟ್ಸಾಪ್ ಸ್ಟೇಟಸ್‌ಗೆ ಮಾತ್ರ ಹಾಕಬೇಡಿ.

ನನ್ನ ಗೆಳೆಯ ಎಂಟನೇ ವಾರ ಯೂನಿಟ್ ಫೋನಿಂದ ಎರಡು ನಿಮಿಷ ಮಾತಾಡಿದ. ಅಮ್ಮಿ ಅತ್ತಿದ್ದರಲ್ಲೇ ಒಂದೂವರೆ ನಿಮಿಷ ಹೋಯ್ತು, ಆಟೋ ಕಂತಿನ ವಿಷಯ ಹೇಳೋಕೆ ಆಗಲೇ ಇಲ್ಲ. ರಜೆಗೆ ಬಂದಾಗ ಮೊದಲ ಸೋಮವಾರವೇ ಬ್ಯಾಂಕಿಗೆ ಹೋಗಿ ತಿಂಗಳಿಗೆ 14,000 ಅಮ್ಮಿ ಖಾತೆಗೆ ಹೋಗೋ ಹಾಗೆ ಬರೆದುಕೊಟ್ಟ, ಸಿಮ್ ಪೋಸ್ಟ್‌ಪೇಯ್ಡ್ ಆಯ್ತು, ಅಪ್ಪನಿಗೆ 456 ರೂಪಾಯಿ ಕಟ್ಟಿದ. ಅಂಗಡಿ ಪುಸ್ತಕ ಚುಕ್ತಾ. ಗ್ಯಾಸ್ ಕನೆಕ್ಷನ್ ಮಾತ್ರ ಇನ್ನೂ ಅವನ ಹೆಸರಲ್ಲೇ ಇದೆ, ಸಿಲಿಂಡರ್ ಬಂದಾಗೆಲ್ಲ ಅಮ್ಮಿ ನನಗೆ ಫೋನ್ ಮಾಡ್ತಾರೆ.